1965ರ ವಲಸೆ ಚರ್ಚೆ ಓದೋದು ಹೇಗೆ?

ನಮ್ಮ ಮಾವ ಎಂಜಿನಿಯರಿಂಗ್ ಮುಗಿಸಿ ಅಮೆರಿಕಕ್ಕೆ ಬಂದವರು. "ಐದು ವರ್ಷ ಮೊದಲು ಹೊರಟಿದ್ದರೆ ಗ್ರೀನ್ ಕಾರ್ಡ್ ಕನಸಿನ ಮಾತೇ" ಅನ್ನುತ್ತಿದ್ದರು. ಯಾಕೆ ಅಂತ ನೋಡಲು ಅಲ್ಲಿನ ಸಂಸತ್ತಿನ ಹಳೇ ಚರ್ಚೆ ಓದಲು ಕೂತೆ. ಮೊದಲ ವಾರ ಸುಮ್ನೆ ಹಾಳಾಯಿತು. ನಿಮಗೆ ಹಾಗಾಗೋದು ಬೇಡ.

ಅಮೆರಿಕ ಸರ್ಕಾರದ ಗವ್‌ಇನ್ಫೋ ಜಾಲತಾಣದಲ್ಲಿ ಕಾಂಗ್ರೆಷನಲ್ ರೆಕಾರ್ಡ್, ಅಂದರೆ ಅಲ್ಲಿನ ಸಂಸತ್ತಿನ ಚರ್ಚೆಗಳ ಅಧಿಕೃತ ದಾಖಲೆ, ಪುಕ್ಕಟೆ ಸಿಗುತ್ತದೆ. 'ಇಮಿಗ್ರೇಷನ್' ಅಂತ ಹುಡುಕಿದರೆ ಮುಗಿಯದಷ್ಟು ಪುಟ ಬಂದು ಬೀಳುತ್ತವೆ. ದಿನಾಂಕ ಹಿಡಿದು ಹೋಗಿ. ಮಸೂದೆ ಎಚ್.ಆರ್. 2580; ಯಾವ ದೇಶದಿಂದ ವರ್ಷಕ್ಕೆ ಎಷ್ಟು ಜನ ವಲಸೆ ಬರಬಹುದು ಅಂತ ಗೊತ್ತುಮಾಡಿದ್ದ ಹಳೇ ಕೋಟಾವನ್ನು ಕಿತ್ತುಹಾಕಿದ್ದು ಇದೇ. ಕೆಳಮನೆ ಒಪ್ಪಿದ್ದು 1965ರ ಆಗಸ್ಟ್ 25, 318–95 ಮತಗಳಿಂದ. ಸೆನೆಟ್ ಸೆಪ್ಟೆಂಬರ್ 22, 76–18. ಆ ದಿನಗಳು, ಅವುಗಳ ಹಿಂದಿನ ಎರಡು ಮೂರು ದಿನ. ಸಾಕು.

ಆದರೆ ಅದಕ್ಕೂ ಮೊದಲು ಹಳೇ ಕಾನೂನು ಗೊತ್ತಿರಬೇಕು. ಇಲ್ಲದಿದ್ದರೆ ಜಗಳ ಯಾತಕ್ಕೆ ಅಂತಲೇ ತಿಳಿಯೋದಿಲ್ಲ. ಭಾರತೀಯರು ಬಿಳಿಯರಲ್ಲ, ಪೌರತ್ವ ಇಲ್ಲ ಅಂತ ಅಲ್ಲಿನ ಸುಪ್ರೀಂ ಕೋರ್ಟ್ 1923ರಲ್ಲಿ ಭಗತ್ ಸಿಂಗ್ ಥಿಂಡ್ ಮೊಕದ್ದಮೆಯಲ್ಲಿ ಹೇಳಿತ್ತು. 1946ರಲ್ಲಿ ಪೌರತ್ವ ಕೊಟ್ಟರು, ಜೊತೆಗೆ ವರ್ಷಕ್ಕೆ 100 ಜನರ ಕೋಟಾ. 1952ರಲ್ಲಿ ಪೌರತ್ವಕ್ಕಿದ್ದ ಜನಾಂಗದ ಅಡ್ಡಿ ಎಲ್ಲರಿಗೂ ಹೋಯಿತು. ಒಳ್ಳೇದೇ ಅಲ್ವಾ? ಅದೇ 1952ರ ಕಾನೂನಿನ ಕೋಟಾದ ಕಲಮು ಓದಿ. ಅಪ್ಪ ಅಮ್ಮ ಭಾರತೀಯರಾದರೆ, ಲಂಡನ್ನಿನಲ್ಲಿ ಹುಟ್ಟಿದವನೂ ಭಾರತದ ಆ ನೂರರಲ್ಲೇ ಸರತಿ ನಿಲ್ಲಬೇಕು. ಪಕ್ಕದ ಮನೆಯ ಬಿಳಿ ಹುಡುಗನಿಗೆ ಬ್ರಿಟನ್ನಿನ ಕೋಟಾ, 65 ಸಾವಿರಕ್ಕೂ ಜಾಸ್ತಿ. ನಾನು ಈ ಸಾಲನ್ನು ಮೂರು ಸಲ ಓದಿದೆ, ತಪ್ಪು ತಿಳಿದೆನೇನೋ ಅಂತ.

ಈಗ ಭಾಷಣಗಳು. ಅಲ್ಲಿ ಅಚ್ಚಾದದ್ದೆಲ್ಲ ಸದನದಲ್ಲಿ ಆಡಿದ ಮಾತಲ್ಲ. ಸದಸ್ಯರು ಆಮೇಲೆ ತಿದ್ದಬಹುದು, ಬರೆದು ಸೇರಿಸಲೂಬಹುದು. ನನ್ನ ಉಪಾಯ ಇಷ್ಟೇ: ಒಬ್ಬರ ಮಾತಿನ ನಡುವೆ ಇನ್ನೊಬ್ಬರು ಪ್ರಶ್ನೆ ಹಾಕಿ ತಡೆಯುವ ಜಾಗ ಹುಡುಕಿ. ನಿಜವಾದ ಗುದ್ದಾಟ ಸಿಗೋದು ಅಲ್ಲೇ. ಸೆನೆಟ್‌ನಲ್ಲಿ ಹಳೇ ಕೋಟಾದ ಪರ ನಿಂತಿದ್ದ ಸ್ಯಾಮ್ ಅರ್ವಿನ್ ವಾದವನ್ನು ಬಿಡಬೇಡಿ. ವಿರೋಧಿಗಳನ್ನು ಬಿಟ್ಟು ಓದಿದರೆ ಚರ್ಚೆ ಸಪ್ಪೆ.

ಬೆಂಬಲಿಸಿದವರ ಅಂದಾಜುಗಳನ್ನೂ ಗುರುತು ಹಾಕಿಕೊಳ್ಳಿ. ಏಷ್ಯಾದಿಂದ ಮೊದಲ ವರ್ಷ ಸುಮಾರು 5,000 ಜನ ಬರಬಹುದು, ಆಮೇಲೆ ಹೆಚ್ಚುಕಡಿಮೆ ನಿಂತೇ ಹೋಗುತ್ತದೆ ಅಂತ ಆಗಿನ ಅಟಾರ್ನಿ ಜನರಲ್ ರಾಬರ್ಟ್ ಕೆನಡಿ 1964ರಲ್ಲಿ ಕೆಳಮನೆಯ ಸಮಿತಿಯ ಮುಂದೆ ಹೇಳಿದ್ದರು! ನಮ್ಮ ಮನೆಯಲ್ಲಿ ಇದನ್ನು ಓದಿ ಹೇಳಿದಾಗ ಎಲ್ಲರೂ ನಕ್ಕರು.

ಸಮಯವಿದ್ದರೆ ಕೆಳಮನೆಯಲ್ಲಿ ಈ ಮಸೂದೆ ಮಂಡಿಸಿದ ಇಮ್ಯಾನುಯೆಲ್ ಸೆಲರ್ ಹಿಂದೆ ಹೋಗಿ. 1924ರ ಕೋಟಾ ಕಾನೂನನ್ನು ಹೊಸ ಸದಸ್ಯರಾಗಿ ವಿರೋಧಿಸಿದವರು. ಅದನ್ನು ಕಿತ್ತುಹಾಕುವ ಮಸೂದೆ ಗೆದ್ದದ್ದು 41 ವರ್ಷದ ಮೇಲೆ. ಹೊಸ ಕಾನೂನು ಪೂರ್ತಿ ಜಾರಿಯಾದದ್ದು 1968ರ ಜುಲೈ 1ಕ್ಕೆ. ಮಾವ ವಿಮಾನ ಇಳಿದದ್ದು ಮಾರನೇ ವರ್ಷ.