ಹ್ಯಾಂಬರ್ಗ್ ಬಂದರನ್ನು ನೀರಿನ ಕಡೆಯಿಂದ ನೋಡುವ ಬಗೆ

ಕಾಸರಗೋಡು, ಕುಂಬಳೆ, ಮಂಜೇಶ್ವರದ ಕಡೆಯಿಂದ ಶುಶ್ರೂಷೆಯ ಕೆಲಸಕ್ಕೋ ಉನ್ನತ ವ್ಯಾಸಂಗಕ್ಕೋ ಜರ್ಮನಿಗೆ ಹೋದ ಮಕ್ಕಳನ್ನು ನೋಡಿಬರಲು ಈಗ ತಂದೆತಾಯಿಯರೂ ವಿಮಾನ ಹತ್ತುತ್ತಿದ್ದಾರೆ. ಅಂಥವರಿಗೆ ಉತ್ತರ ಜರ್ಮನಿಯಲ್ಲಿ ಎರಡು ಮೂರು ದಿನಗಳ ಬಿಡುವು ಸಿಕ್ಕಿದರೆ ಹ್ಯಾಂಬರ್ಗ್ ಎಂಬ ಹಳೆಯ ಬಂದರು ನಗರವನ್ನು ಯಾವ ಕ್ರಮದಲ್ಲಿ ನೋಡಬಹುದು ಎಂಬುದನ್ನು ಇಲ್ಲಿ ವಿವರಿಸಿದ್ದೇನೆ. ಸಾಮಾನ್ಯವಾಗಿ ಪ್ರವಾಸಿಗರನ್ನು ಮೊದಲು ಪುರಭವನದ ಚೌಕಕ್ಕೆ ಕರೆದೊಯ್ಯುತ್ತಾರೆ. ನನ್ನ ಅಭಿಪ್ರಾಯದಲ್ಲಿ ಆರಂಭಿಸಬೇಕಾದದ್ದು ನದಿಯಿಂದ, ಏಕೆಂದರೆ ಆ ಊರಿನ ಗೋದಾಮು, ಕಚೇರಿ, ಇಗರ್ಜಿ, ಸಂಗೀತ ಭವನಗಳೆಲ್ಲ ಎಲ್ಬೆ ನದಿಯ ವ್ಯಾಪಾರದಿಂದಲೇ ಎದ್ದು ನಿಂತವು. 1189ರ ಮೇ 7ರಂದು ಚಕ್ರವರ್ತಿ ಫ್ರೆಡ್ರಿಕ್ ಬಾರ್ಬರೋಸ ಇಲ್ಲಿನವರಿಗೆ ಎಲ್ಬೆಯಲ್ಲಿ ಸುಂಕವಿಲ್ಲದೆ ಹಡಗು ನಡೆಸುವ ಹಕ್ಕನ್ನು ದಯಪಾಲಿಸಿದನೆಂದು ಹೇಳುತ್ತಾರೆ. ಈಗ ಉಳಿದಿರುವ ಸನದು ಮುಂದಿನ ಶತಮಾನದಲ್ಲಿ ಸೃಷ್ಟಿಸಿದ್ದೆಂದು ಇತಿಹಾಸಕಾರರು ತೋರಿಸಿಕೊಟ್ಟಿದ್ದರೂ ಬಂದರಿನ ಹುಟ್ಟುಹಬ್ಬ ಇಂದಿಗೂ ಮೇ ತಿಂಗಳ ಆರಂಭದಲ್ಲಿಯೇ ನಡೆಯುತ್ತದೆ. ಆ ದಿನಗಳಲ್ಲಿ ಹೋಗುವುದಾದರೆ ವಸತಿಯನ್ನು ಬಹಳ ಮೊದಲೇ ಗೊತ್ತುಮಾಡಿಕೊಳ್ಳಬೇಕು.

ಊರಿಗೆ ಹೋದೊಡನೆ ಮಾಡಬೇಕಾದ ಕೆಲಸವೆಂದರೆ ನೀವು ಅಲ್ಲಿರುವ ದಿನಗಳ ಉಬ್ಬರ ಇಳಿತದ ವೇಳೆಯನ್ನು ಬರೆದಿಟ್ಟುಕೊಳ್ಳುವುದು. ಸಮುದ್ರ ಅಲ್ಲಿಂದ ಸುಮಾರು 100 ಕಿಲೋಮೀಟರ್ ದೂರದಲ್ಲಿದ್ದರೂ ಉಬ್ಬರ ನಗರದ ನಡುವಿನವರೆಗೂ ಬರುತ್ತದೆ. ನೀರು ಮೂರೂವರೆ ಮೀಟರಿಗೂ ಹೆಚ್ಚು ಏರಿ ಇಳಿಯುತ್ತದೆ. ಚಂದ್ರಗಿರಿಯ ಅಳಿವೆಯ ಬಳಿ ಬೆಳೆದವರಿಗೆ ಉಬ್ಬರ ಹೊಸದಲ್ಲ, ಆದರೆ ನಮ್ಮ ಕರಾವಳಿಯಲ್ಲಿ ಇಷ್ಟು ದೊಡ್ಡ ಏರಿಳಿತವನ್ನು ನಾವು ಕಾಣುವುದಿಲ್ಲ. ಒಂದು ಉಬ್ಬರಕ್ಕೂ ಮುಂದಿನ ಉಬ್ಬರಕ್ಕೂ ನಡುವೆ ಸುಮಾರು ಹನ್ನೆರಡೂವರೆ ಗಂಟೆಯ ಅಂತರವಿರುವುದರಿಂದ ಇಂದಿನ ವೇಳೆ ನಾಳೆಗೆ ಮುಕ್ಕಾಲು ಗಂಟೆಗೂ ಮಿಕ್ಕಿ ಮುಂದೆ ಹೋಗುತ್ತದೆ. ಇದನ್ನು ಗಮನಿಸದೆ ದೋಣಿವಿಹಾರಕ್ಕೆ ಹಣ ಕೊಟ್ಟವರು ಹಳೆಯ ಗೋದಾಮುಗಳ ನಡುವಿನ ಕಾಲುವೆಗಳನ್ನು ನೋಡದೆ ಮರಳಬೇಕಾಗುತ್ತದೆ, ಏಕೆಂದರೆ ನೀರು ತಗ್ಗಿದಾಗ ದೋಣಿಗಳು ಆ ಕಾಲುವೆಗಳಿಗೆ ಹೋಗಲಾರವು. ಟಿಕೆಟ್ ಪಡೆಯುವ ಮೊದಲು ‘ಈ ಸುತ್ತಿನಲ್ಲಿ ಗೋದಾಮಿನ ಕಾಲುವೆಗಳು ಸೇರಿವೆಯೇ’ ಎಂದು ದೋಣಿಯವರನ್ನೇ ಕೇಳಿ ಖಚಿತಪಡಿಸಿಕೊಳ್ಳುವುದು ಒಳ್ಳೆಯದು.

ಮೊದಲ ಬೆಳಗ್ಗೆ ಲಾಂಡುಂಗ್ಸ್‌ಬ್ರೂಕನ್ ಎಂಬ ಧಕ್ಕೆಗೆ ಹೋಗಿ. ಇದು ಸುಮಾರು 700 ಮೀಟರ್ ಉದ್ದಕ್ಕೆ ನೀರಿನ ಮೇಲೆ ತೇಲುತ್ತಿರುವ ಧಕ್ಕೆ. ದಡದಿಂದ ಅದಕ್ಕೆ ಇಳಿಯುವ ಸೇತುವೆಗಳು ಉಬ್ಬರದಲ್ಲಿ ಬಹುಮಟ್ಟಿಗೆ ಸಮತಟ್ಟಾಗಿದ್ದರೆ ಇಳಿತದಲ್ಲಿ ಕಡಿದಾದ ಇಳಿಜಾರಾಗುತ್ತವೆ. ಮೊಣಕಾಲು ನೋವಿರುವ ಹಿರಿಯರನ್ನು ಕರೆದೊಯ್ಯುವವರು ಉಬ್ಬರದ ವೇಳೆಯನ್ನೇ ಆರಿಸಿಕೊಳ್ಳಬೇಕು. ಧಕ್ಕೆಯ ಪೂರ್ವ ತುದಿಯ ಕಲ್ಲಿನ ಗೋಪುರದಲ್ಲಿ ಗಡಿಯಾರವಲ್ಲದೆ ಆ ಕ್ಷಣದ ನೀರಿನ ಮಟ್ಟವನ್ನು ತೋರಿಸುವ ಮಾಪಕವೂ ಇದೆ. ಅಲ್ಲಿಂದ 62ನೆಯ ಸಂಖ್ಯೆಯ ದೋಣಿಯನ್ನು ಹತ್ತಿ. ಇದು ಪ್ರವಾಸಿಗರಿಗಾಗಿ ನಡೆಸುವ ವಿಶೇಷ ದೋಣಿಯಲ್ಲ, ಕೆಲಸಕ್ಕೆ ಹೋಗಿಬರುವವರ ನಿತ್ಯದ ದೋಣಿ. ಬಸ್ಸಿಗೂ ಮೆಟ್ರೊಗೂ ಸಲ್ಲುವ ಅದೇ ದಿನದ ಟಿಕೆಟ್ ಇದಕ್ಕೂ ಸಾಕು. ಮೇಲಿನ ತೆರೆದ ಅಟ್ಟದಲ್ಲಿ ಬಲಗಡೆ ಕುಳಿತರೆ ಮೀನು ಮಾರುಕಟ್ಟೆಯೂ ಆಲ್ಟೊನಾದ ದಡವೂ ಕಾಣುತ್ತವೆ, ಎಡಗಡೆ ಹಡಗು ಕಟ್ಟುವ ಅಂಗಳಗಳೂ ಕಂಟೇನರ್ ಎತ್ತುವ ಕ್ರೇನುಗಳೂ ಕಾಣುತ್ತವೆ. ಅದೃಷ್ಟವಿದ್ದರೆ 400 ಮೀಟರ್ ಉದ್ದದ ಕಂಟೇನರ್ ಹಡಗೊಂದನ್ನು ಚಿಕ್ಕ ಎಳೆದೋಣಿಗಳು ತಿರುಗಿಸುವುದನ್ನು ಹತ್ತಿರದಿಂದಲೇ ನೋಡಬಹುದು. ನಾನು ಅಲ್ಲಿ ಕಂಡದ್ದರಲ್ಲೆಲ್ಲ ಮನಸ್ಸಿಗೆ ಹೆಚ್ಚು ಹಿಡಿಸಿದ್ದು ಈ ನೋಟ, ಅದಕ್ಕೆ ಪ್ರತ್ಯೇಕ ಪ್ರವೇಶ ಶುಲ್ಕವೂ ಇಲ್ಲ.

ದೋಣಿಯಿಂದ ನೊಯ್‌ಮ್ಯೂಲನ್ ನಿಲ್ದಾಣದಲ್ಲಿ ಇಳಿದರೆ ಹಳೆಯ ಹಾಯಿಹಡಗು, ಹಬೆದೋಣಿಗಳನ್ನು ಕಾಪಿಟ್ಟಿರುವ ಪುಟ್ಟ ಬಂದರು, ಅದರಾಚೆ ಓವೆಲ್‌ಗೋನೆ ಎಂಬ ಹಳೆಯ ನಾವಿಕರ ಮನೆಗಳ ಸಾಲು ಮತ್ತು ನದಿಯ ಮರಳು ದಂಡೆ ಸಿಗುತ್ತವೆ. ದಂಡೆಯಲ್ಲಿರುವ 217 ಟನ್ ತೂಕದ ಬಂಡೆಯು ಹಿಮಯುಗದಲ್ಲಿ ಸ್ವೀಡನ್ನಿನಿಂದ ಹಿಮನದಿಯೊಡನೆ ಬಂದದ್ದು. 1999ರಲ್ಲಿ ನದಿಯ ತಳದ ಹೂಳೆತ್ತುವಾಗ ಅದು ದೊರೆಯಿತು. ಮರಳಿ ಬರುವಾಗ ಲಾಂಡುಂಗ್ಸ್‌ಬ್ರೂಕನ್ನಿನ ಪಕ್ಕದಲ್ಲಿಯೇ ಇರುವ ಗುಮ್ಮಟದ ಕಟ್ಟಡವನ್ನು ಹೊಕ್ಕು ಹಳೆಯ ಎಲ್ಬೆ ಸುರಂಗಕ್ಕೆ ಇಳಿಯಿರಿ. ಆಚೆ ದಡದ ಹಡಗುಕಟ್ಟೆಗಳಿಗೆ ಕೆಲಸಗಾರರು ಮಂಜು, ಮಂಜುಗಡ್ಡೆಗಳ ಭಯವಿಲ್ಲದೆ ಹೋಗಿಬರಲೆಂದು 1911ರಲ್ಲಿ ಇದನ್ನು ತೆರೆದರು. ನೆಲದಿಂದ ಸುಮಾರು 24 ಮೀಟರ್ ಆಳದಲ್ಲಿ, 426 ಮೀಟರ್ ಉದ್ದಕ್ಕೆ ಹೆಂಚಿನ ಹೊದಿಕೆಯ ಗೋಡೆಗಳ ನಡುವೆ ನಡೆಯಬಹುದು. ಗೋಡೆಯಲ್ಲಿ ಅಲ್ಲಲ್ಲಿ ಮೀನು, ಏಡಿಗಳ ಉಬ್ಬುಚಿತ್ರಗಳಿವೆ. ಕಾಲ್ನಡಿಗೆಯವರಿಗೆ ಇದು ಉಚಿತ, ಇಳಿಯಲು ಲಿಫ್ಟೂ ಇದೆ. ಆಚೆ ದಡಕ್ಕೆ ಹತ್ತಿ ನಿಂತಾಗ ಇಡೀ ನಗರ ನದಿಯ ಮೇಲೆ ಹರಡಿಕೊಂಡು ಕಾಣುತ್ತದೆ. ಛಾಯಾಚಿತ್ರಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಬೇರೆ ಇಲ್ಲ.

ಎರಡನೆಯ ದಿನವನ್ನು ಪೂರ್ತಿಯಾಗಿ ಶ್ಪೈಖರ್‌ಶ್ಟಾಟ್‌ಗೆ, ಅಂದರೆ ಗೋದಾಮುಗಳ ನಗರಕ್ಕೆ ಮೀಸಲಿಡಿ. ಅಡಿಕೆ, ಕಾಳುಮೆಣಸು ಬೆಳೆಯುವ ನಾಡಿನವರು ಅವಸರಪಡದೆ ನೋಡಬೇಕಾದ ಸ್ಥಳ ಇದು. 1883ರಲ್ಲಿ ಆರಂಭವಾದ ಕಟ್ಟಡದ ಕೆಲಸ 1927ರವರೆಗೆ ನಡೆಯಿತು. 1888ರಲ್ಲಿ ಹ್ಯಾಂಬರ್ಗ್ ಜರ್ಮನಿಯ ಸುಂಕ ಒಕ್ಕೂಟವನ್ನು ಸೇರಿದಾಗ, ಸುಂಕ ಕೊಡದೆಯೇ ಸರಕನ್ನು ಕೂಡಿಡಲು ಮತ್ತು ಹಸನು ಮಾಡಲು ಈ ಪ್ರದೇಶವನ್ನು ಮುಕ್ತ ಬಂದರಾಗಿ ಉಳಿಸಿಕೊಂಡರು. ಆ ಜಾಗವನ್ನು ತೆರವು ಮಾಡಲು ಸುಮಾರು 20,000 ಜನರನ್ನು ಅವರ ಮನೆಗಳಿಂದ ಎಬ್ಬಿಸಿದ ವಿಷಯವನ್ನೂ ನೋಡಲು ಹೋದವರು ಮರೆಯಬಾರದು. ಕೆಂಪು ಇಟ್ಟಿಗೆಯ ಈ ಸಾಲುಗಳು ನೆಲದಲ್ಲಿ ಹೂತ ಮರದ ಕಂಬಗಳ ಮೇಲೆ ನಿಂತಿವೆ. 2015ರಲ್ಲಿ ಇವು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು.

ಯಾವುದಾದರೂ ಒಂದು ಗೋದಾಮಿನ ಮುಂದೆ ಹತ್ತು ನಿಮಿಷ ನಿಂತು ಕೆಳಗಿನಿಂದ ಮೇಲಿನವರೆಗೆ ನೋಡಿ. ಪ್ರತಿಯೊಂದಕ್ಕೂ ಎರಡು ಮುಖಗಳಿವೆ: ಒಂದು ಕಾಲುವೆಗೆ, ಇನ್ನೊಂದು ಬೀದಿಗೆ. ಒಂದೊಂದು ಅಂತಸ್ತಿಗೂ ನೇರವಾಗಿ ಹೊರಗೆ ತೆರೆಯುವ ದೊಡ್ಡ ಬಾಗಿಲು, ಎಲ್ಲ ಬಾಗಿಲುಗಳೂ ಒಂದರ ಮೇಲೊಂದು ಒಂದೇ ನೇರದಲ್ಲಿ; ತುತ್ತತುದಿಯಲ್ಲಿ ಮಾಡಿನಿಂದ ಹೊರಚಾಚಿದ, ತಾಮ್ರದ ತಗಡು ಹಸಿರುಗಟ್ಟಿದ ಚಿಕ್ಕ ಚಾವಣಿ; ಅದರಡಿ ರಾಟೆ ಮತ್ತು ಕೊಕ್ಕೆ. ಉಬ್ಬರದಲ್ಲಿ ತಳಕ್ಕೆ ಬಂದು ನಿಂತ ದೋಣಿಯಿಂದ ಮೂಟೆಯನ್ನು ಆ ಕೊಕ್ಕೆಗೆ ಸಿಕ್ಕಿಸಿ ಬೇಕಾದ ಅಂತಸ್ತಿನ ಬಾಗಿಲಿಗೆ ಎಳೆದುಕೊಳ್ಳುತ್ತಿದ್ದರು. ಕಾಫಿ, ಚಹಾ, ಕೋಕೊ, ತಂಬಾಕು, ಸಾಂಬಾರ ಪದಾರ್ಥಗಳ ತೂಕ, ಮಾದರಿ, ವಿಂಗಡಣೆಗಳೆಲ್ಲ ಒಳಗೆ ನಡೆಯುತ್ತಿದ್ದವು. ಈ ಕೆಲಸದ ಉಪಕರಣಗಳನ್ನು ಶ್ಪೈಖರ್‌ಶ್ಟಾಟ್ ವಸ್ತುಸಂಗ್ರಹಾಲಯದಲ್ಲಿಯೂ ಮಸಾಲೆಗಳನ್ನು ಅಲ್ಲಿಯೇ ಇರುವ ಸಾಂಬಾರ ಪದಾರ್ಥಗಳ ವಸ್ತುಸಂಗ್ರಹಾಲಯದಲ್ಲಿಯೂ ನೋಡಬಹುದು. ತೋಟದಲ್ಲಿ ಬಳ್ಳಿ ಹಬ್ಬಿಸಿ, ಕೊಯ್ದು, ಅಂಗಳದಲ್ಲಿ ಒಣಗಿಸುವವರೆಗಿನ ಕೆಲಸವನ್ನಷ್ಟೇ ಬಲ್ಲ ನಮ್ಮ ಕೃಷಿಕರು ಸರಕಿನ ಇನ್ನೊಂದು ತುದಿಯನ್ನು ಇಲ್ಲಿ ಕಣ್ಣಾರೆ ಕಾಣಬಹುದು. ಕಾಸರಗೋಡಿನಿಂದ ಹೋದವರು ಈ ಎರಡನ್ನೂ ಬಿಡಬಾರದೆಂದು ನಾನು ಒತ್ತಾಯಪೂರ್ವಕವಾಗಿ ಹೇಳುತ್ತೇನೆ. ಸಂಜೆ ದೀಪ ಹಚ್ಚಿದ ಮೇಲೆ ಪೊಗನ್‌ಮ್ಯೂಲನ್ ಸೇತುವೆಗೆ ಬಂದು ನಿಂತರೆ ಎರಡು ಕಾಲುವೆಗಳು ಕೂಡುವಲ್ಲಿ ಗೋಪುರವುಳ್ಳ ಪುಟ್ಟ ಮನೆಯೊಂದು ನೀರಿನ ನಡುವೆ ಎದ್ದಂತೆ ತೋರುತ್ತದೆ.

ಇದೇ ಪ್ರದೇಶದಲ್ಲಿ ಜಗತ್ತಿನ ಅತಿ ದೊಡ್ಡ ಮಾದರಿ ರೈಲ್ವೆ, ಮಿನಿಯಾಟೂರ್ ವುಂಡರ್‌ಲಾಂಡ್ ಇದೆ. ಮೊಮ್ಮಕ್ಕಳು ಜೊತೆಗಿದ್ದರೆ ತಪ್ಪಿಸಲಾಗದು. ಮುಂಗಡ ಟಿಕೆಟ್ ಇಲ್ಲದೆ ಹೋಗಬೇಡಿ. ಸಮೀಪದ ಚೀಲೆಹೌಸ್ ಎಂಬ ಹತ್ತಂತಸ್ತಿನ ಕಚೇರಿ ಕಟ್ಟಡವನ್ನು ಹೊರಗಿನಿಂದ ನೋಡಿದರೆ ಸಾಕು. ಚಿಲಿ ದೇಶದ ಪೆಟ್ಲುಪ್ಪಿನ ವ್ಯಾಪಾರದಿಂದ ಸಿರಿವಂತನಾದ ಹೆನ್ರಿ ಸ್ಲೋಮನ್‌ಗಾಗಿ ವಾಸ್ತುಶಿಲ್ಪಿ ಫ್ರಿಟ್ಸ್ ಹೋಗರ್ ಇದನ್ನು 1924ರಲ್ಲಿ ಮುಗಿಸಿದನು. ಪೂರ್ವದ ಮೂಲೆಯಲ್ಲಿ ನಿಂತು ನೋಡಿದರೆ ಅದು ಹಡಗಿನ ಮೂತಿಯಂತೆ ಚೂಪಾಗಿರುವುದು ತಿಳಿಯುತ್ತದೆ.

ಗೋದಾಮುಗಳ ಪಶ್ಚಿಮ ತುದಿಯಲ್ಲಿರುವ ಎಲ್ಬ್‌ಫಿಲ್ಹಾರ್ಮೊನಿ ಸಂಗೀತ ಭವನ 2017ರ ಜನವರಿ 11ರಂದು ಉದ್ಘಾಟನೆಗೊಂಡಿತು. ಕೋಕೊ, ಚಹಾ, ತಂಬಾಕು ತುಂಬಿಡುತ್ತಿದ್ದ 1960ರ ದಶಕದ ಇಟ್ಟಿಗೆಯ ಗೋದಾಮನ್ನು ಕೆಡವದೆ ಅದರ ಮೇಲೆಯೇ ಗಾಜಿನ ಭವನವನ್ನು ಏರಿಸಿದ್ದಾರೆ; ಒಟ್ಟು ಎತ್ತರ 110 ಮೀಟರ್. ಸಂಗೀತ ಕಛೇರಿಗೆ ಹೋಗದವರೂ 37 ಮೀಟರ್ ಎತ್ತರದ ಪ್ಲಾಜಾ ಎಂಬ ಜಗಲಿಯವರೆಗೆ ಹೋಗಬಹುದು, ಅದಕ್ಕೆ ವೇಳೆ ನಮೂದಿಸಿದ ಚೀಟಿ ಬೇಕು. ಕಮಾನಿನಂತೆ ಬಾಗಿದ 82 ಮೀಟರ್ ಉದ್ದದ ಎಸ್ಕಲೇಟರ್ ಮೇಲೆ ಕರೆದೊಯ್ಯುತ್ತದೆ. ಸುತ್ತಲಿನ ಹಾಫನ್‌ಸಿಟಿ ಬಡಾವಣೆಯನ್ನು ಸಮುದ್ರಮಟ್ಟಕ್ಕಿಂತ ಎಂಟೊಂಬತ್ತು ಮೀಟರ್ ಎತ್ತರಕ್ಕೆ ಮಣ್ಣು ಏರಿಸಿ ಕಟ್ಟಿದ್ದಾರೆ. 1962ರ ಫೆಬ್ರವರಿ 16 ಮತ್ತು 17ರ ನಡುವಿನ ರಾತ್ರಿ ಬಿರುಗಾಳಿಯೊಡನೆ ನುಗ್ಗಿದ ನೀರಿಗೆ ಈ ನಗರದಲ್ಲಿ 300ಕ್ಕೂ ಹೆಚ್ಚು ಜನ ಬಲಿಯಾದರು. ಕಡಲ್ಕೊರೆತದಲ್ಲಿ ಮನೆ ತೋಟ ಕಳೆದುಕೊಂಡವರನ್ನು ಕಂಡಿರುವ ನಮ್ಮ ತೀರದವರಿಗೆ ಈ ಎತ್ತರದ ಕಾರಣವನ್ನು ವಿವರಿಸಬೇಕಾಗಿಲ್ಲ.

ಗೋಪುರಗಳಲ್ಲಿ ಎರಡನ್ನು ಆರಿಸಿಕೊಳ್ಳಿ. ಊರವರು ಪ್ರೀತಿಯಿಂದ ಮಿಶೆಲ್ ಎಂದು ಕರೆಯುವ ಸೇಂಟ್ ಮಿಖಾಯೆಲಿಸ್ ಇಗರ್ಜಿಯ ಗೋಪುರ 132 ಮೀಟರ್ ಎತ್ತರವಿದೆ, 106 ಮೀಟರ್ ಎತ್ತರದ ವೀಕ್ಷಣಾ ಜಗಲಿಗೆ ಲಿಫ್ಟಿನಲ್ಲಿ ಹೋಗಬಹುದು. ವಾರದ ದಿನಗಳಲ್ಲಿ ಬೆಳಗ್ಗೆ ಹತ್ತಕ್ಕೆ ಮತ್ತು ರಾತ್ರಿ ಒಂಬತ್ತಕ್ಕೆ ಗೋಪುರದ ಮೇಲಿನಿಂದ ಒಬ್ಬನು ನಾಲ್ಕು ದಿಕ್ಕಿಗೂ ತಿರುಗಿ ತುತ್ತೂರಿಯಲ್ಲಿ ಪ್ರಾರ್ಥನಾ ಗೀತೆಯನ್ನು ನುಡಿಸುತ್ತಾನೆ. ಆ ಹೊತ್ತಿಗೆ ಕೆಳಗಿನ ಅಂಗಳದಲ್ಲಿರುವಂತೆ ನೋಡಿಕೊಳ್ಳಿ. ಇನ್ನೊಂದು ಸೇಂಟ್ ನಿಕೊಲಾಯ್. 147 ಮೀಟರಿನ ಇದರ ಗೋಪುರ 1874ರಿಂದ 1876ರವರೆಗೆ ಜಗತ್ತಿನ ಅತಿ ಎತ್ತರದ ಕಟ್ಟಡವಾಗಿತ್ತು. 1943ರ ಜುಲೈ ಕೊನೆಯ ವಾಯುದಾಳಿಯಲ್ಲಿ ಇಗರ್ಜಿ ಹಾಳಾಯಿತು, ನಗರದಲ್ಲಿ 30,000ಕ್ಕೂ ಹೆಚ್ಚು ಜನ ಸತ್ತರು. ಮಾಡಿಲ್ಲದ ಗೋಡೆಗಳನ್ನೂ ಸುಟ್ಟು ಕಪ್ಪಾದ ಗೋಪುರವನ್ನೂ ಸ್ಮಾರಕವಾಗಿ ಹಾಗೆಯೇ ಬಿಟ್ಟಿದ್ದಾರೆ. ನೆಲಮಾಳಿಗೆಯ ಪ್ರದರ್ಶನವನ್ನು ನೋಡಲು ಒಂದು ಗಂಟೆಯಾದರೂ ಬೇಕು. ಅಲ್ಲಿಗೆ ಹತ್ತಿರದ ಡೈಖ್‌ಶ್ಟ್ರಾಸೆ ಬೀದಿಯಲ್ಲಿ ಹಳೆಯ ವರ್ತಕರ ಮನೆಗಳು ಉಳಿದಿವೆ. 1842ರ ಮೇ ತಿಂಗಳಲ್ಲಿ ಹಳೆಯ ನಗರದ ಮೂರನೆಯ ಒಂದು ಭಾಗವನ್ನು ಸುಟ್ಟ ಬೆಂಕಿ ಹೊತ್ತಿಕೊಂಡದ್ದು ಇದೇ ಬೀದಿಯಲ್ಲಿ. 647 ಕೋಣೆಗಳ ಪುರಭವನವನ್ನೂ ಆಲ್‌ಸ್ಟರ್ ಕೆರೆಯನ್ನೂ ಉಳಿದ ಸಮಯದಲ್ಲಿ ನೋಡಿದರಾಯಿತು.

ನಿಮ್ಮ ದಿನಗಳಲ್ಲಿ ಭಾನುವಾರ ಬಂದರೆ ಅಂದು ಬೇಗನೆ ಏಳಬೇಕು. 1703ರಿಂದ ನಡೆದುಬಂದ ಮೀನು ಮಾರುಕಟ್ಟೆ ಬೇಸಿಗೆಯಲ್ಲಿ ಬೆಳಗ್ಗೆ ಐದಕ್ಕೆ, ಚಳಿಗಾಲದಲ್ಲಿ ಏಳಕ್ಕೆ ತೆರೆದು ಒಂಬತ್ತೂವರೆಗೆ ಮುಗಿದುಹೋಗುತ್ತದೆ. ಮೀನು ತಿನ್ನುವವರು ಬನ್ನಿನ ನಡುವೆ ಹೆರಿಂಗ್ ಮೀನಿಟ್ಟು ಕೊಡುವ ತಿಂಡಿಯನ್ನು ಸವಿಯಬಹುದು. ಹೆರಿಂಗ್ ನಮ್ಮ ಬೂತಾಯಿಯ ಬಳಗದ್ದೇ, ಆದರೆ ಅದನ್ನು ಬೇಯಿಸದೆ ಉಪ್ಪಿನಲ್ಲೋ ವಿನೆಗರಿನಲ್ಲೋ ಊರಿಸಿರುತ್ತಾರೆ; ರೂಢಿಯಿಲ್ಲದವರು ಹುರಿದ ಮೀನಿನದನ್ನೇ ಕೇಳಬೇಕು. ಸಸ್ಯಾಹಾರಿಗಳು ದಾಲ್ಚಿನ್ನಿ ಮತ್ತು ಬೆಣ್ಣೆ ಹಾಕಿದ ಫ್ರಾಂಟ್ಸ್‌ಬ್ರೋಟ್‌ಖನ್ ಎಂಬ ಸಿಹಿ ತಿಂಡಿಯನ್ನು ಯಾವ ಬೇಕರಿಯಲ್ಲಾದರೂ ಕೊಳ್ಳಬಹುದು. ಭಾನುವಾರ ಸಾಮಾನ್ಯ ಅಂಗಡಿಗಳು ಮುಚ್ಚಿರುವುದರಿಂದ ಮನೆಗೆ ಬೇಕಾದ ಸಾಮಾನನ್ನು ಶನಿವಾರವೇ ತಂದಿಟ್ಟುಕೊಳ್ಳಿ.

ವಿಮಾನ ನಿಲ್ದಾಣದಿಂದ ಎಸ್1 ರೈಲು ಅರ್ಧ ಗಂಟೆಯೊಳಗೆ ಮುಖ್ಯ ರೈಲು ನಿಲ್ದಾಣಕ್ಕೆ ತಲುಪಿಸುತ್ತದೆ. ನಿಲ್ದಾಣಗಳಲ್ಲಿ ತಡೆಗೇಟುಗಳಿಲ್ಲ ಎಂದು ಟಿಕೆಟ್ ಇಲ್ಲದೆ ಹತ್ತಬೇಡಿ, ತಪಾಸಕರ ಕೈಗೆ ಸಿಕ್ಕಿದರೆ ದಂಡ 60 ಯೂರೊ. ಬೆಳಗ್ಗೆ ಒಂಬತ್ತರ ನಂತರ ಸಲ್ಲುವ ದಿನದ ಟಿಕೆಟ್ ಅಗ್ಗ, ನಿಧಾನವಾಗಿ ಹೊರಡುವ ಹಿರಿಯರಿಗೆ ಅದೇ ಸರಿ. ಗಾಳಿ ಬಲವಾಗಿ ಬೀಸುವ ಊರಾದ್ದರಿಂದ ಕೊಡೆಗಿಂತ ಟೋಪಿಯುಳ್ಳ ಮಳೆಯಂಗಿ ಉಪಯುಕ್ತ. ದೋಣಿಯ ಮೇಲಟ್ಟದಲ್ಲಿ ಜೂನ್ ತಿಂಗಳಲ್ಲಿಯೂ ಸ್ವೆಟರ್ ಬೇಕಾಗುತ್ತದೆ. ಜೂನಿನಲ್ಲಿ ರಾತ್ರಿ ಹತ್ತರ ಸುಮಾರಿಗೆ ಸೂರ್ಯ ಮುಳುಗಿದರೆ ಡಿಸೆಂಬರಿನಲ್ಲಿ ಸಂಜೆ ನಾಲ್ಕಕ್ಕೇ ಕತ್ತಲಾಗುತ್ತದೆ, ಆದ್ದರಿಂದ ಚಳಿಗಾಲದಲ್ಲಿ ಹೋಗುವವರು ನದಿಯನ್ನು ಬೆಳಗ್ಗೆಯೂ ವಸ್ತುಸಂಗ್ರಹಾಲಯಗಳನ್ನು ಮಧ್ಯಾಹ್ನದ ನಂತರವೂ ಇಟ್ಟುಕೊಳ್ಳಬೇಕು. ಇನ್ನೊಂದು ದಿನ ಉಳಿದರೆ ಮುಕ್ಕಾಲು ಗಂಟೆಯ ರೈಲಿನ ದಾರಿಯಲ್ಲಿ ಲ್ಯೂಬೆಕ್ ಇದೆ. ಬಾಲ್ಟಿಕ್ ಕಡಲ ವ್ಯಾಪಾರವನ್ನು ಆಳಿದ ಹಾನ್ಸಾ ವರ್ತಕ ಒಕ್ಕೂಟದ ಮುಖ್ಯ ನಗರವಾಗಿದ್ದ ಅದರ ಹಳೆಯ ಭಾಗವನ್ನು ಬೆಳಗ್ಗೆ ಹೋಗಿ ಕಾಲ್ನಡಿಗೆಯಲ್ಲಿ ನೋಡಿ ಸಂಜೆಗೆ ಹಿಂತಿರುಗಬಹುದು.