ಪಿಕಪ್‌ಗೆ ಏನು ಹಾಕಿಸಬೇಕು, ಏನು ಬೇಡ: ತೋಟದ ದಾರಿಯೇ ಹೇಳುತ್ತದೆ

ಮೂಡಿಗೆರೆ, ಆಲ್ದೂರು, ಸಕಲೇಶಪುರದ ಕಾಫಿ ತೋಟಗಳಲ್ಲಿ ಹಳೆಯ ಜೀಪುಗಳ ಪಕ್ಕದಲ್ಲಿ ಈಗ ಇಸುಜು ಡಿ-ಮ್ಯಾಕ್ಸ್ ವಿ-ಕ್ರಾಸ್, 2022ರಲ್ಲಿ ಭಾರತಕ್ಕೆ ಬಂದ ಟೊಯೊಟಾ ಹೈಲಕ್ಸ್‌ನಂತಹ ಮಧ್ಯಮ ಗಾತ್ರದ ಪಿಕಪ್‌ಗಳೂ ಕಾಣಸಿಗುತ್ತವೆ. ಗಾಡಿ ಮನೆಗೆ ಬಂದ ಕೆಲವೇ ದಿನಗಳಲ್ಲಿ ಸ್ನಾರ್ಕಲ್ (ಎಂಜಿನ್ನಿಗೆ ಎತ್ತರದಿಂದ ಗಾಳಿ ಎಳೆದುಕೊಡುವ ಕೊಳವೆ), ಬುಲ್ ಬಾರ್ (ಬಂಪರಿನ ಮುಂದೆ ಬಿಗಿಯುವ ಲೋಹದ ಗಾರ್ಡು), ಚಾವಣಿಯ ಮೇಲೊಂದು ಎಲ್‌ಇಡಿ ಸಾಲು ಸೇರಿಕೊಳ್ಳುವುದೂ ಉಂಟು. ಇವುಗಳಲ್ಲಿ ಕೆಲವು ಮಳೆಗಾಲದಲ್ಲಿ ನಿಜಕ್ಕೂ ಕೈಹಿಡಿಯುತ್ತವೆ, ಉಳಿದವು ನೋಟಕ್ಕಷ್ಟೇ. ಹಣ ಕೊಡುವ ಮುನ್ನವೇ ಎರಡನ್ನೂ ಬೇರ್ಪಡಿಸಿಕೊಳ್ಳುವುದು ಕಷ್ಟವೇನಲ್ಲ.

ಅಂಗಡಿಗೆ ಹೋಗುವ ಮೊದಲು ನಿಮ್ಮ ತೋಟದ ದಾರಿಯನ್ನು ಜುಲೈ ತಿಂಗಳ ಮಳೆಯಲ್ಲಿ ಒಮ್ಮೆ ನಡೆದು ನೋಡಿ. ಯಾವ ತಿರುವಿನಲ್ಲಿ ಚಕ್ರ ಜಾರುತ್ತದೆ, ಎಲ್ಲಿ ಕಲ್ಲು ಗಾಡಿಯ ಹೊಟ್ಟೆಗೆ ತಗಲುತ್ತದೆ, ಹಳ್ಳದ ನೀರು ಎಷ್ಟು ಎತ್ತರಕ್ಕೆ ಬರುತ್ತದೆ ಎಂಬುದನ್ನು ಬರೆದುಕೊಳ್ಳಿ. ಆ ಚೀಟಿಯಲ್ಲಿರುವ ತೊಂದರೆಗೆ ಉತ್ತರವಾಗದ ಯಾವ ಸಾಮಾನನ್ನೂ ಸದ್ಯಕ್ಕೆ ಕೊಳ್ಳಬೇಡಿ.

ಮೊದಲ ಖರ್ಚು ಟಯರಿಗೇ ಆಗಬೇಕು. ರಸ್ತೆಗೆಂದು ಮಾಡಿದ ಟಯರಿನ ಸಣ್ಣ ಕಚ್ಚುಗಳಲ್ಲಿ ಕೆಂಪು ಜೇಡಿ ತುಂಬಿಕೊಂಡರೆ ಅದು ನುಣ್ಣನೆಯ ಉರುಳೆಯಂತಾಗಿ, ನಾಲ್ಕು ಚಕ್ರಕ್ಕೂ ಶಕ್ತಿ ಹೋಗುತ್ತಿದ್ದರೂ ಚಕ್ರ ನಿಂತಲ್ಲೇ ತಿರುಗುತ್ತದೆ. ಅಗಲವಾದ ಕಚ್ಚುಗಳಿರುವ ಆಲ್ ಟೆರೇನ್ ಟಯರುಗಳು ಕೆಸರನ್ನು ಹೊರಗೆ ಎಸೆಯುತ್ತವೆ, ಡಾಂಬರಿನ ಮೇಲೂ ಸದ್ದು ಮಿತಿಯಲ್ಲಿರುತ್ತದೆ. ಕಂಪನಿ ಕೊಟ್ಟ ಅಳತೆಯಲ್ಲೇ ಕೊಳ್ಳಿ; ನೋಟಕ್ಕೆಂದು ದೊಡ್ಡ ಟಯರು ಹಾಕಿದರೆ ಸ್ಪೀಡೋಮೀಟರ್ ನಿಜವಾದ ವೇಗಕ್ಕಿಂತ ಕಡಿಮೆ ತೋರಿಸುತ್ತದೆ, ಬ್ರೇಕಿನ ಮೇಲೂ ಹೊರೆ ಬೀಳುತ್ತದೆ. ಮಲೆನಾಡಿನ ಜೀಪು ಚಾಲಕರು ಮಳೆಗಾಲದಲ್ಲಿ ಚಕ್ರಕ್ಕೆ ಸುತ್ತುವ ಕಬ್ಬಿಣದ ಸರಪಳಿಯನ್ನು ಮೀರಿಸುವ ಅಲಂಕಾರವನ್ನು ನಾನಂತೂ ಇನ್ನೂ ಕಂಡಿಲ್ಲ.

ನಂತರ ಗಾಡಿಯನ್ನು ಎಳೆಯುವ ಕೊಕ್ಕೆಯನ್ನು ನೋಡಿ. ಕೆಲವು ವರ್ಷಗಳ ಹಿಂದೆ ನಮ್ಮ ತೋಟದ ಇಳಿಜಾರಿನಲ್ಲಿ ಪಿಕಪ್ ಹೂತುಹೋದಾಗ, ಬಂಪರಿನಲ್ಲಿದ್ದ ಹೊಳೆಯುವ ಕೆಂಪು ಕೊಕ್ಕೆಗೆ ಹಗ್ಗ ಕಟ್ಟಿ ಟ್ರ್ಯಾಕ್ಟರಿನಿಂದ ಎಳೆಸಿದೆವು. ಕೊಕ್ಕೆ ಪ್ಲಾಸ್ಟಿಕ್ ಚೂರಿನ ಸಮೇತ ಕಿತ್ತು ಬಂತು. ಅದನ್ನು ತೆಳು ತಗಡಿಗೆ ಎರಡು ಸಣ್ಣ ಬೋಲ್ಟುಗಳಲ್ಲಿ ಬಿಗಿದಿದ್ದರು. ಅದೃಷ್ಟಕ್ಕೆ ಹತ್ತಿರ ಯಾರೂ ನಿಂತಿರಲಿಲ್ಲ. ಆದ್ದರಿಂದ ಗಾಡಿಯ ಕೆಳಗೆ ಬಗ್ಗಿ, ಕೊಕ್ಕೆ ನೇರವಾಗಿ ಚಾಸಿಗೆ (ಗಾಡಿಯ ಉಕ್ಕಿನ ಚೌಕಟ್ಟಿಗೆ) ಸೇರಿದೆಯೇ ಎಂದು ಟಾರ್ಚ್ ಬಿಟ್ಟು ನೋಡಲೇಬೇಕು. ಟ್ರೈಲರ್ ಸಿಕ್ಕಿಸುವ ಉಕ್ಕಿನ ಗುಂಡಿಗೆ (ಟೋ ಬಾಲ್) ಹಗ್ಗ ಕಟ್ಟಿ ಹೂತ ಗಾಡಿಯನ್ನು ಎಂದೂ ಎಳೆಸಬೇಡಿ, ಅದು ಮುರಿದರೆ ಗುಂಡಿನಂತೆ ಹಾರುತ್ತದೆ.

ಸ್ನಾರ್ಕಲ್ ಪರೀಕ್ಷೆ ಸುಲಭ. ಬಾನೆಟ್ ತೆರೆದು, ಹೊರಗಿನ ಕೊಳವೆ ಏರ್ ಫಿಲ್ಟರಿನ ಡಬ್ಬಿಯವರೆಗೆ ಬಂದಿದೆಯೇ, ಸೇರುವ ಕಡೆಗಳಲ್ಲಿ ಬಿಗಿಯಾಗಿ ಮುಚ್ಚಿದೆಯೇ ಎಂದು ನೋಡಿ. ಕೆಲವು ಕೊಳವೆಗಳನ್ನು ಬರೀ ಅಂಟಿಸಿರುತ್ತಾರೆ, ಒಳಗೆ ತೂತೇ ಇರುವುದಿಲ್ಲ. ನಿಜವಾದ ಸ್ನಾರ್ಕಲ್ ಕೂಡ ಎಂಜಿನ್ನಿಗೆ ನೀರು ನುಗ್ಗದಂತೆ ತಡೆಯುತ್ತದೆಯೇ ಹೊರತು ವಿದ್ಯುತ್ ಭಾಗಗಳನ್ನಾಗಲಿ ಚಕ್ರಗಳಿಗೆ ಶಕ್ತಿ ಹಂಚುವ ಡಿಫರೆನ್ಷಿಯಲ್ಲನ್ನಾಗಲಿ ಕಾಯುವುದಿಲ್ಲ. ಹೈಲಕ್ಸ್ 700 ಮಿಲಿಮೀಟರ್ ಆಳದ ನೀರನ್ನು ದಾಟಬಲ್ಲದೆಂದು ಕಂಪನಿಯೇ ಹೇಳುತ್ತದೆ. ನಮ್ಮ ತೋಟಗಳ ಸಾಮಾನ್ಯ ಹಳ್ಳಗಳಿಗೆ ಅಷ್ಟು ಸಾಕು, ಅದನ್ನು ಮೀರಿದ ನೀರಿಗೆ ಇಳಿಯಲೇಬಾರದು.

ಎಂಜಿನ್ ಚೇಂಬರನ್ನು (ಎಂಜಿನ್ನಿನ ಕೆಳಗಿನ ಆಯಿಲ್ ತೊಟ್ಟಿಯನ್ನು) ಕಲ್ಲಿನಿಂದ ಕಾಯುವ ಉಕ್ಕಿನ ತಟ್ಟೆ ಕೊಟ್ಟ ಹಣಕ್ಕೆ ಮೋಸವಿಲ್ಲದ್ದು. ಬೆಳ್ಳಿ ಬಣ್ಣ ಬಳಿದ ಪ್ಲಾಸ್ಟಿಕ್ ಆಗಿದ್ದರೆ ಬೆರಳಿನಿಂದ ತಟ್ಟಿದಾಗಲೇ ಗೊತ್ತಾಗುತ್ತದೆ. ಚಕ್ರದ ಮೇಲಿನ ಅಗಲವಾದ ಪ್ಲಾಸ್ಟಿಕ್ ಅಂಚು ಬೇಡ. ನಮ್ಮ ಗಾಡಿಯದನ್ನು ಬಿಚ್ಚಿದಾಗ ಹಿಂದೆ ಹಿಡಿ ಕೆಸರು ಒಣಗಿ ಕೂತಿತ್ತು, ಪ್ರತಿ ಸ್ಕ್ರೂ ತೂತಿನ ಸುತ್ತ ತುಕ್ಕು ಹಿಡಿದಿತ್ತು. ಹಿಂಬದಿಯ ತೊಟ್ಟಿಗೆ ಹಾಸುವ ಲೈನರ್ ಮಾತ್ರ ಗೊಬ್ಬರದ ಮೂಟೆ, ಕಾಫಿ ಚೀಲ ಹೊರುವ ಗಾಡಿಗೆ ಅಗತ್ಯವೇ ಸರಿ.

ದೀಪದ ವಿಷಯದಲ್ಲಿ ಚಾರ್ಮಾಡಿ ಘಾಟಿಯ ಮಂಜನ್ನು ನೆನಪಿಟ್ಟುಕೊಳ್ಳಿ. ಚಾವಣಿಯ ಮೇಲಿನ ಬಿಳಿ ಎಲ್‌ಇಡಿ ಬೆಳಕು ಮಂಜಿನ ಹನಿಗಳಿಗೆ ತಾಗಿ ನಿಮ್ಮ ಕಣ್ಣಿಗೇ ಮರಳುತ್ತದೆ, ಎದುರಿನಿಂದ ಬರುವವರ ಕಣ್ಣನ್ನೂ ಕುಕ್ಕುತ್ತದೆ. ಬಂಪರಿನ ಕೆಳಭಾಗದ, ಅಗಲವಾಗಿ ನೆಲಕ್ಕೆ ಬೆಳಕು ಚೆಲ್ಲುವ ಫಾಗ್ ಲ್ಯಾಂಪುಗಳೇ ಅಲ್ಲಿ ದಾರಿ ತೋರುತ್ತವೆ.

ಕಾನೂನಿನ ಮಾತನ್ನು ಹಣ ಕೊಡುವ ಮುನ್ನವೇ ಆಲೋಚಿಸಬೇಕು. ಬುಲ್ ಬಾರ್ ಡಿಕ್ಕಿಯ ಪೆಟ್ಟನ್ನು ಹೀರಿಕೊಳ್ಳದೆ ನೇರವಾಗಿ ಚಾಸಿಗೆ ದಾಟಿಸುತ್ತದೆ, ಏರ್‌ಬ್ಯಾಗ್ ತೆರೆಯುವ ಲೆಕ್ಕವನ್ನೂ ಕೆಡಿಸಬಹುದು, ಪಾದಚಾರಿಗೆ ತಗುಲಿದರೆ ಗಾಯ ಇನ್ನೂ ಘೋರ. ಈ ಕಾರಣಕ್ಕೇ ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲಿ ಇಂತಹ ಗಾರ್ಡುಗಳ ವಿರುದ್ಧ ಕ್ರಮ ಕೈಗೊಳ್ಳುವಂತೆ ರಾಜ್ಯಗಳಿಗೆ ಸೂಚಿಸಿತು. 2019ರ ತಿದ್ದುಪಡಿಯ ನಂತರ, ಅನುಮತಿಯಿಲ್ಲದ ಮಾರ್ಪಾಡಿಗೆ ಮೋಟಾರು ವಾಹನ ಕಾಯ್ದೆಯಡಿ ಮಾಲೀಕರಿಗೆ ಪ್ರತಿ ಮಾರ್ಪಾಡಿಗೂ 5,000 ರೂಪಾಯಿ ದಂಡ, ಆರು ತಿಂಗಳವರೆಗಿನ ಸೆರೆ, ಅಥವಾ ಎರಡನ್ನೂ ವಿಧಿಸಬಹುದು.

ಇಷ್ಟಾದ ಮೇಲೂ ಹಣ ಉಳಿದರೆ ಹಾರೆ, ಗುದ್ದಲಿ, ಕತ್ತಿ, ಗಟ್ಟಿ ಹಗ್ಗ, ಟಯರಿಗೆ ಗಾಳಿ ತುಂಬುವ ಸಣ್ಣ ಕಂಪ್ರೆಸರ್ ಕೊಂಡು ಸೀಟಿನ ಹಿಂದೆ ಇಡಿ. ಖಾಲಿ ಪಿಕಪ್‌ನ ಹಿಂಭಾಗ ಹಗುರವಾಗಿ ಕೆಸರಿನಲ್ಲಿ ಬೇಗ ಜಾರುವುದರಿಂದ, ಮಳೆಯಲ್ಲಿ ಬರಿದೇ ಹೊರಡುವಾಗ ಹಿಂದಿನ ಆಕ್ಸಲ್ ನೇರಕ್ಕೆ ಎರಡು ಮೂರು ಮಣ್ಣಿನ ಮೂಟೆ ಹಾಕಿ, ಉರುಳದಂತೆ ಬಿಗಿದು ಕಟ್ಟಿಕೊಳ್ಳಿ.