ರಿವಾಲ್ವರ್ ಇದೆ ಸರಿ, ಕತ್ತಲಲ್ಲಿ ಕಾಣಬೇಕಲ್ವಾ? ಲೈಟು, ಲೇಸರ್ ಆಯ್ದುಕೊಳ್ಳುವುದು ಹೀಗೆ

ಕಳೆದ ಮಳೆಗಾಲದಲ್ಲಿ ಪರಿಚಯದವರೊಬ್ಬರು ಮನೆಗೆ ಬಂದರು. ಕೈಚೀಲದಿಂದ ರಿವಾಲ್ವರ್ ತೆಗೆದು ಜಗಲಿಯ ಮೇಲೆ ಇಟ್ಟರು. ನಳಿಗೆಯ ಕೆಳಗೆ ಹೆಬ್ಬೆರಳಿನಷ್ಟು ದಪ್ಪದ ಟಾರ್ಚು, ಅದರ ಪಕ್ಕ ಕೆಂಪು ಲೇಸರ್. ಎರಡನ್ನೂ ವೈರಿಂಗಿನ ಕಪ್ಪು ಟೇಪಿನಲ್ಲಿ ಸುತ್ತಿದ್ದರು. 'ಇನ್ನು ರಾತ್ರಿ ಹೆದರಿಕೆ ಇಲ್ಲ ಮಾರಾಯ್ರೆ' ಅಂದರು. ನಾನು ಮೊದಲು ತೋಟೆ ತೆಗೆದಿಟ್ಟೆ. ಆಮೇಲೆ ಗೋಡೆಯ ಕಡೆ ಹಿಡಿದು ನೋಡಿದೆ. ರಿವಾಲ್ವರಿನ ಗುರಿ ಒಂದು ಕಡೆ, ಕೆಂಪು ಚುಕ್ಕಿ ಅದರಿಂದ ಒಂದು ಗೇಣು ಎಡಕ್ಕೆ. ಅಂಗೈ ಬಿಸಿಗೆ ಟೇಪಿನ ಅಂಟು ಕರಗಿ ಲೇಸರ್ ಆಗಲೇ ಜಾರಿತ್ತು.

ಇಂಥದ್ದನ್ನು ನಾನು ನೋಡಿದ್ದು ಇದೇ ಮೊದಲಲ್ಲ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ತೋಟದ ನಡುವಿನ ಒಂಟಿ ಮನೆಗಳು ಜಾಸ್ತಿ. ಮನೆಯಲ್ಲಿ ವಯಸ್ಸಾದವರಿಬ್ಬರೇ. ಗಾಳಿ ಮಳೆ ಬಂದರೆ ಎರಡು ದಿನ ಕರೆಂಟಿಲ್ಲ. ಲೈಸೆನ್ಸ್ ಪಡೆದು ಸಣ್ಣ ಆಯುಧ ಇಟ್ಟುಕೊಂಡವರಿದ್ದಾರೆ. ನನ್ನ ಬಳಿಯೂ ಬಹಳ ವರ್ಷದಿಂದ ಒಂದಿದೆ. ಆದರೆ ಎದುರಿಗೆ ಇರುವುದು ಯಾರು ಎಂದು ತೋರಿಸುವ ಬೆಳಕಿನ ಬಗ್ಗೆ ಯೋಚಿಸುವವರು ಕಡಿಮೆ. ನೀವು ಹೊಸಬರಾದರೆ ಈ ಕ್ರಮದಲ್ಲೇ ಹೋಗಿ.

ಮೊದಲು ನಿಮ್ಮ ಆಯುಧ ನೋಡಿ

ಖಾಲಿ ಮಾಡಿ, ತೋಟೆಯನ್ನು ಬೇರೆ ಕೋಣೆಯಲ್ಲಿಟ್ಟು, ನಳಿಗೆಯ ಕೆಳಭಾಗ ನೋಡಿ. ಅಡ್ಡಕ್ಕೆ ಗೀರು ಗೀರಾಗಿ ಕಚ್ಚು ಇದ್ದರೆ ಅದು ರೈಲು. ಲೈಟು ಕೂರುವುದು ಅದರ ಮೇಲೆ ಮಾತ್ರ. ನಮ್ಮಲ್ಲಿ 9 ಎಂಎಂ ನಿಷೇಧಿತ ಬೋರ್ (ಬೋರ್ ಅಂದರೆ ನಳಿಗೆಯ ಒಳ ಅಳತೆ), ಸಾಮಾನ್ಯ ಲೈಸೆನ್ಸಿಗೆ ಸಿಗುವುದಿಲ್ಲ. ಹೆಚ್ಚಿನವರ ಕೈಯಲ್ಲಿರುವುದು ಕಾನ್ಪುರದ ಸರ್ಕಾರಿ ಕಾರ್ಖಾನೆಯ .32 ರಿವಾಲ್ವರ್. 2014ರಲ್ಲಿ ಬಂದ ಹಗುರ 'ನಿರ್ಭೀಕ್' ಕೂಡ .32 ರಿವಾಲ್ವರೇ. ಇವಕ್ಕೆ ರೈಲು ಇಲ್ಲ. ಇಲ್ಲದ ಮೇಲೆ ಇಲ್ಲ. ವೆಲ್ಡಿಂಗ್ ಅಂಗಡಿಗೆ ಹೋಗಿ ತೂತು ಕೊರೆಸುವುದು, ಪಟ್ಟಿ ಬೆಸೆಯುವುದು ಖಂಡಿತ ಬೇಡ. ಆಯುಧ ರಿಪೇರಿ ಮಾಡುವವರಿಗೂ ಲೈಸೆನ್ಸ್ ಬೇಕು, ಗೊತ್ತಿರಲಿ.

ಹಾಗಾದರೆ ಏನು ಮಾಡುವುದು? ಕೈಯಲ್ಲಿ ಹಿಡಿಯುವ ಒಳ್ಳೆಯ ಟಾರ್ಚ್ ಕೊಳ್ಳಿ. ರೈಲು ಇರುವವರಿಗೂ ನನ್ನ ಮೊದಲ ಮಾತು ಇದೇ.

ಬ್ಯಾಟರಿ ಕೊಳ್ಳುವುದು

ನಮ್ಮ ಕಡೆ ಬ್ಯಾಟರಿ ಅಂದರೆ ಟಾರ್ಚೇ. ಒಳಗೆ ಹಾಕುವುದು ಶೆಲ್ಲು. ಈ ಬ್ಯಾಟರಿ ಕೊಳ್ಳುವಾಗ ಎಲ್ಲರೂ ಎಡವುವುದು ಡಬ್ಬಿಯ ಮೇಲಿನ ಲ್ಯೂಮೆನ್ ನೋಡಿ. ಲ್ಯೂಮೆನ್ ಅಂದರೆ ಒಟ್ಟು ಎಷ್ಟು ಬೆಳಕು ಹೊರಬರುತ್ತದೆ ಎಂಬುದು. ಆ ಬೆಳಕು ಎದುರಿಗೆ ಎಷ್ಟು ಗಟ್ಟಿಯಾಗಿ ಹೋಗುತ್ತದೆ ಎಂದು ಹೇಳುವುದು ಕ್ಯಾಂಡೆಲಾ. ಕೊಡದಲ್ಲಿ ಎಷ್ಟು ನೀರಿದೆ ಅನ್ನುವುದು ಬೇರೆ, ಪೈಪಿನಿಂದ ಎಷ್ಟು ದೂರ ಚಿಮ್ಮುತ್ತದೆ ಅನ್ನುವುದು ಬೇರೆ ಅಲ್ವಾ, ಹಾಗೆ.

ಸಣ್ಣ ಲೆಕ್ಕ ಇದೆ. ಕ್ಯಾಂಡೆಲಾದ ವರ್ಗಮೂಲ ತೆಗೆದು ಎರಡರಿಂದ ಗುಣಿಸಿ. 10,000 ಕ್ಯಾಂಡೆಲಾ ಇದ್ದರೆ 200 ಮೀಟರ್. ಡಬ್ಬಿಯ ಮೇಲೆ ಬರೆಯುವ ದೂರ ಇದೇ. ಆದರೆ ಆ ದೂರದಲ್ಲಿ ಬೀಳುವುದು ಕಾಲು ಲಕ್ಸ್ (ಒಂದು ಜಾಗದ ಮೇಲೆ ಬೀಳುವ ಬೆಳಕಿನ ಅಳತೆ), ಅಂದರೆ ಹುಣ್ಣಿಮೆ ಬೆಳದಿಂಗಳಿನಷ್ಟು. ಮನುಷ್ಯನ ಆಕಾರ ಕಂಡೀತು, ಮುಖ ಕಾಣುವುದಿಲ್ಲ. ಅದೇ ಬ್ಯಾಟರಿ 20 ಮೀಟರಿನಲ್ಲಿ 25 ಲಕ್ಸ್ ಕೊಡುತ್ತದೆ. ಜಗಲಿಯಿಂದ ಕೊಟ್ಟಿಗೆಗೆ ಅಷ್ಟು ಸಾಕು.

ನನ್ನ ಪ್ರಕಾರ 500ರಿಂದ 1000 ಲ್ಯೂಮೆನ್, 10,000 ಕ್ಯಾಂಡೆಲಾ ಆಸುಪಾಸು ಇದ್ದರೆ ಅಂಗಳ ಇರುವ ಮನೆಗೆ ಸರಿಹೋಗುತ್ತದೆ. ಕಾರವಾರ ಪೇಟೆಯ ಫ್ಲ್ಯಾಟಿನವರಿಗೆ 300 ಲ್ಯೂಮೆನ್ನೇ ಜಾಸ್ತಿ. ಸಂತೆಯಲ್ಲಿ, ಆನ್‌ಲೈನಿನಲ್ಲಿ '50,000 ಲ್ಯೂಮೆನ್' ಎಂದು ಐನೂರು ರೂಪಾಯಿಗೆ ಮಾರುವ ಅಂಗೈಯಷ್ಟರ ಟಾರ್ಚ್ ಮುಟ್ಟಲೇಬೇಡಿ. ಅದರ ಜೊತೆ ಕೊಡುವ ಶೆಲ್ಲಿನ ಮೇಲೆ 9900 ಎಂಎಎಚ್ ಎಂದಿರುತ್ತದೆ, ಅಂದರೆ ಶೆಲ್ಲಿನಲ್ಲಿ ಎಷ್ಟು ಚಾರ್ಜ್ ಹಿಡಿಯುತ್ತದೆ ಎಂಬ ಲೆಕ್ಕ. 18650 ಅಳತೆಯ (18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ) ಒಳ್ಳೆಯ ಶೆಲ್ಲಿನಲ್ಲಿ 3500ರ ಆಸುಪಾಸು ಇದ್ದರೆ ದೊಡ್ಡದು. ಶೆಲ್ಲಿನಲ್ಲೇ ಸುಳ್ಳು ಬರೆದವರು ಬೆಳಕಿನಲ್ಲಿ ನಿಜ ಬರೆಯುತ್ತಾರೆಯೇ?

ಸ್ವಿಚ್ಚು ಹಿಂದಿನ ತುದಿಯಲ್ಲಿರಲಿ. ಹೆಬ್ಬೆರಳಿನಲ್ಲಿ ಅರ್ಧ ಒತ್ತಿದರೆ ಹತ್ತಬೇಕು, ಬಿಟ್ಟರೆ ಆರಬೇಕು. ಮೊದಲ ಒತ್ತಿಗೇ ಪೂರ್ತಿ ಬೆಳಕು ಬರಬೇಕು. ಒಂದು ಸಲ ಒತ್ತಿದರೆ ಮಂದ, ಎರಡನೇ ಸಲಕ್ಕೆ ಜೋರು, ಮೂರನೆಯದಕ್ಕೆ ಪಟಪಟ ಮಿನುಗುವುದು, ಇಂಥದ್ದು ಬೇಡ. ಗಾಬರಿಯಲ್ಲಿ ಯಾರಿಗೂ ಲೆಕ್ಕ ನೆನಪಿರುವುದಿಲ್ಲ. ಮಿನುಗುವ ಬೆಳಕಿನಲ್ಲಿ ಎದುರಿನವನ ಕೈ ಕಾಣುವುದೂ ಕಷ್ಟ. ನೀರಿಗೆ ಐಪಿಎಕ್ಸ್7 ಗುರುತು ಇರಲಿ, ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ತಡೆಯುತ್ತದೆ. ನಮ್ಮ ಜುಲೈ ಮಳೆಗೆ ಅದಕ್ಕಿಂತ ಕಡಿಮೆ ಸಾಲದು.

ಮನೆಯಲ್ಲೇ ಪರೀಕ್ಷೆ: ಇದನ್ನು ಬಿಡಬೇಡಿ

ಬ್ಯಾಟರಿ ತಂದು ತಲೆದಿಂಬಿನ ಕೆಳಗೆ ಇಟ್ಟು ಮರೆತುಬಿಡುತ್ತಾರೆ. ಕೆಲಸ ಇರುವುದೇ ಇಲ್ಲಿ. ಒಂದು ರಾತ್ರಿ ಪೂರ್ತಿ ಇದಕ್ಕೆ ಕೊಡಿ. ಆಯುಧ ಕಪಾಟಿನಲ್ಲೇ ಬೀಗದೊಳಗೆ ಇರಲಿ. ಇದಕ್ಕೆ ಅದು ಬೇಡವೇ ಬೇಡ.

ಮನೆಯ ಎಲ್ಲ ದೀಪ ಆರಿಸಿ, ಹತ್ತು ನಿಮಿಷ ಸುಮ್ನೆ ಕುಳಿತಿರಿ. ಕಣ್ಣು ಕತ್ತಲಿಗೆ ಒಗ್ಗಲಿ. ಮಲಗುವ ಕೋಣೆಯ ಬಾಗಿಲಲ್ಲಿ ನಿಂತು ಪಡಸಾಲೆಯ ಕಡೆ ಒಮ್ಮೆ ಬ್ಯಾಟರಿ ಬಿಡಿ. ಸುಣ್ಣದ ಬಿಳಿ ಗೋಡೆಗೆ ನೇರ ಬಿದ್ದರೆ ಬೆಳಕು ತಿರುಗಿ ನಿಮ್ಮ ಕಣ್ಣಿಗೇ ಹೊಡೆಯುತ್ತದೆ. ಒಂದು ಕ್ಷಣ ಏನೂ ಕಾಣುವುದಿಲ್ಲ. ಈಗ ಅದೇ ಬೆಳಕನ್ನು ನಿಮ್ಮಿಂದ ನಾಲ್ಕು ಮಾರು ಮುಂದೆ ನೆಲಕ್ಕೆ ಬಿಡಿ, ಇಲ್ಲವೇ ಅಟ್ಟದ ಹಲಗೆಗೆ ಬಿಡಿ. ಕೋಣೆಯೆಲ್ಲ ಮೆಲ್ಲಗೆ ಬೆಳಗುತ್ತದೆ. ಮೂಲೆಯ ಕುರ್ಚಿ, ಗೂಟಕ್ಕೆ ನೇತುಹಾಕಿದ ಅಂಗಿ, ಬಚ್ಚಲ ಬಾಗಿಲು ಎಲ್ಲ ಕಾಣುತ್ತದೆ. ಯಾರ ಮುಖಕ್ಕೂ ನೇರ ಹಿಡಿಯದೆ ಮನೆಯವರು ಯಾರು, ಹೊರಗಿನವರು ಯಾರು ಎಂದು ಗೊತ್ತಾಗುತ್ತದೆ. ಈ ಒಂದು ಅಭ್ಯಾಸವನ್ನು ಮನೆಮಂದಿಗೆಲ್ಲ ಕಲಿಸಿ.

ಆಮೇಲೆ ಅಂಗಳ. ಮನೆಯವರೊಬ್ಬರನ್ನು ಕೊಟ್ಟಿಗೆ ಹತ್ತಿರ ನಿಲ್ಲಿಸಿ. ಕೈಯಲ್ಲಿ ಕೊಡೆಯೋ ಕತ್ತಿಯೋ ಮೊಬೈಲೋ, ಅವರಿಗೆ ಬೇಕಾದ್ದು ಹಿಡಿಯಲಿ. ನಿಮಗೆ ಹೇಳುವುದು ಬೇಡ. ಬ್ಯಾಟರಿಯನ್ನು ಒಂದು ಸೆಕೆಂಡ್ ಹತ್ತಿಸಿ ಆರಿಸಿ. ಕೈಯಲ್ಲಿ ಏನಿತ್ತು ಹೇಳಿ. ನಾನು ಮೊದಲ ಸಲ ಮಾಡಿದಾಗ ಮಡಚಿದ ಕೊಡೆಯನ್ನು ಕತ್ತಿ ಅಂದಿದ್ದೆ. ಹಿಡಿದವಳು ನನ್ನ ಮಗಳು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮರುವಾರವೇ ನನ್ನ ಹಳೆಯ ಬ್ಯಾಟರಿ ಬದಲಿಸಿದೆ. ಹಳೆಯದು ನಡುವೆ ರೂಪಾಯಿ ಗಾತ್ರದ ಬಿಳಿ ಚುಕ್ಕಿ ಬಿಟ್ಟು ಸುತ್ತ ಏನೂ ತೋರಿಸುತ್ತಿರಲಿಲ್ಲ. ನಡುವೆ ಗಟ್ಟಿ, ಸುತ್ತ ಅಗಲವಾಗಿ ಹರಡುವ ಬೆಳಕು ಬೇಕು. ಮುಖ ನೋಡುವಾಗಲೇ ಕೈಯೂ ಕಾಣಬೇಕು. ಬಣ್ಣದಲ್ಲಿ ನಾನು ಸ್ವಲ್ಪ ಹಳದಿ ಕಡೆಯ ಬಿಳಿಯನ್ನೇ ಆರಿಸುತ್ತೇನೆ. ನೀಲಿ ಬಿಳಿಯಲ್ಲಿ ಕಂಬಳಿ, ಸೊಪ್ಪಿನ ಹೊರೆ, ನಾಯಿ ಎಲ್ಲ ಒಂದೇ ಬೂದು.

ಇದೇ ಪರೀಕ್ಷೆಯನ್ನು ಮಳೆ ಬರುವ ರಾತ್ರಿ ಇನ್ನೊಮ್ಮೆ ಮಾಡಿ. ಹನಿಯ ಮೇಲೆ ಬಿದ್ದ ಬೆಳಕು ಬಿಳಿ ಪರದೆ ಕಟ್ಟುತ್ತದೆ. ಬ್ಯಾಟರಿಯನ್ನು ಕಣ್ಣಿನ ಪಕ್ಕದಿಂದ ದೂರ, ಸೊಂಟದ ಮಟ್ಟಕ್ಕೆ ಇಳಿಸಿ ಹಿಡಿದರೆ ಪರದೆ ತೆಳುವಾಗುತ್ತದೆ. ಎರಡು ವರ್ಷದ ಹಿಂದೆ ಇಂಥ ರಾತ್ರಿಯಲ್ಲೇ ದಣಪೆ ದಾಟಿ ಯಾರೋ ಬರುವ ಸದ್ದಾಯಿತು. ಕೂಗಿದರೆ ಮಳೆಯಲ್ಲಿ ಉತ್ತರ ಕೇಳಲಿಲ್ಲ. ಬ್ಯಾಟರಿ ಬಿಟ್ಟೆ. ಕಂಬಳಿ ಕೊಪ್ಪೆ, ಕೈಯಲ್ಲಿ ಹಗ್ಗ. ಕೆಳಗಿನ ಮನೆಯ ಭಾವ. ಅವರ ಆಕಳು ಕರು ಹಾಕಲಾರದೆ ಒದ್ದಾಡುತ್ತಿತ್ತು, ಕರೆಯಲು ಬಂದಿದ್ದರು. ನಮ್ಮ ಊರುಗಳಲ್ಲಿ ರಾತ್ರಿ ಬಾಗಿಲಿಗೆ ಬರುವವರು ಹೆಚ್ಚಾಗಿ ಇಂಥವರೇ. ಬೆಳಕು ಬೇಕಾಗಿರುವುದು ಅದಕ್ಕೆ.

ರೈಲು ಇದ್ದವರಿಗೆ

ಆಯುಧಕ್ಕೆ ಕೂರಿಸುವ ಲೈಟಿನಲ್ಲಿ ಸ್ಟ್ರೀಮ್‌ಲೈಟ್, ಶೂರ್‌ಫೈರ್ ಹೆಸರು ಮಾಡಿದವು. ಬೇರೆಯದಾದರೂ ಎರಡೂ ಕಡೆಯಿಂದ ಬೆರಳಿಗೆ ಸಿಗುವ ಸ್ವಿಚ್ಚು ಇರಲಿ, ತಿರುಪು ಭದ್ರವಾಗಿರಲಿ. ಹಿಡಿಯ ಮುಂಭಾಗದಲ್ಲಿ ಬೆರಳೊತ್ತಿದರೆ ಹತ್ತುವ ಬಗೆ ನನಗೆ ಸರಿ ಕಾಣುವುದಿಲ್ಲ. ಗಾಬರಿಯಲ್ಲಿ ಒಂದು ಬೆರಳು ಬಿಗಿಯಾದರೆ ಟ್ರಿಗರಿನ ಬೆರಳೂ ಬಿಗಿಯಾಗುತ್ತದೆ. ಅಮೆರಿಕದಲ್ಲಿ ತರಬೇತಾದ ಪೊಲೀಸರ ಕೈಯಲ್ಲೇ ಹೀಗೆ ಈಡು ಹಾರಿದೆ.

ಇದಕ್ಕಿಂತ ದೊಡ್ಡ ವಿಷಯ ಇನ್ನೊಂದಿದೆ. ಆ ಲೈಟು ಹುಡುಕುವುದಕ್ಕಲ್ಲ. ಅದು ತೋರಿಸಿದ ಕಡೆಗೇ ನಳಿಗೆಯೂ ತಿರುಗಿರುತ್ತದೆ. ಏನದು ಎಂದು ನೋಡಲು ಹೋಗಿ ನಿಮ್ಮ ಮಗುವಿನ ಕಡೆ ಆಯುಧ ಹಿಡಿದ ಹಾಗಾಗುತ್ತದೆ. ಹುಡುಕಲು ಕೈಯ ಬ್ಯಾಟರಿ. ಅದಕ್ಕೇ ರೈಲು ಇದ್ದವರೂ ಅದನ್ನು ಮೊದಲು ಕೊಳ್ಳಬೇಕು. ಚುನಾವಣೆ ಬಂದಾಗ ಆಯುಧ ಠಾಣೆಗೆ ಜಮಾ ಮಾಡುವಂತೆ ಸೂಚನೆ ಬರುತ್ತದೆ. ಆಗಲೂ ಬ್ಯಾಟರಿ ಮನೆಯಲ್ಲೇ ಇರುತ್ತದೆ. ಕಳ್ಳ ಹೊಕ್ಕ ಅನುಮಾನವಿದ್ದರೆ ಒಳಗಿನಿಂದ ಚಿಲಕ ಹಾಕಿ 112ಕ್ಕೆ ಫೋನ್ ಮಾಡಿ. ಆತ್ಮರಕ್ಷಣೆಯ ಹಕ್ಕು ಕಾನೂನಿನಲ್ಲಿ ಇದೆ, ಆದರೆ ಅಗತ್ಯಕ್ಕಿಂತ ಹೆಚ್ಚು ಹಾನಿ ಮಾಡುವಂತಿಲ್ಲ.

ಲೇಸರ್

ಎಲ್ಲರಿಗೂ ಮೊದಲು ಬೇಕಾಗುವುದು ಇದು. ನಾನು ಕೊನೆಗೆ ಇಟ್ಟಿದ್ದೇನೆ. ಲೇಸರ್ ಚುಕ್ಕಿ ಈಡು ಎಲ್ಲಿ ಬೀಳಬಹುದು ಎಂದು ಹೇಳುತ್ತದೆ, ಎದುರಿಗೆ ಯಾರಿದ್ದಾರೆ ಎಂದು ಹೇಳುವುದಿಲ್ಲ. ಲೈಟಿಲ್ಲದ ಲೇಸರ್ ಕೊಳ್ಳಬೇಡಿ. ಕೈ ನಡುಗುವವರಿಗೆ, ಚಾಳೀಸು ಇಲ್ಲದೆ ನಳಿಗೆಯ ಮೇಲಿನ ಗುರಿಮುಳ್ಳು ಕಾಣದವರಿಗೆ ಇದರಿಂದ ಉಪಯೋಗ ಇದೆ, ಒಪ್ಪುತ್ತೇನೆ.

ಹಸಿರು ಬಣ್ಣ ಕಣ್ಣಿಗೆ ಚೆನ್ನಾಗಿ ಹಿಡಿಯುತ್ತದೆ, ಹಗಲಲ್ಲೂ ಕಾಣುತ್ತದೆ. ಆದರೆ ಶೆಲ್ಲು ಬೇಗ ತಿನ್ನುತ್ತದೆ. ರಾತ್ರಿಗೆ ಮಾತ್ರವಾದರೆ ಕೆಂಪು ಸಾಕು. 5 ಮಿಲಿವ್ಯಾಟ್ ದಾಟಿದ್ದು ಬೇಡ. ಅಗ್ಗದ ಹಸಿರು ಲೇಸರ್‌ಗಳಲ್ಲಿ ಕಣ್ಣಿಗೆ ಕಾಣದ ಅವಕೆಂಪು ಕಿರಣ ಸೋರುವುದುಂಟು. ಅದು ಕಣ್ಣನ್ನೇ ಹಾಳುಮಾಡುತ್ತದೆ.

ಹೊಂದಿಸುವುದನ್ನು ನಿಧಾನವಾಗಿ ಕೇಳಿ. ಲೇಸರ್ ನಳಿಗೆಯ ಕೆಳಗಿರುತ್ತದೆ. ಅಂತರ 4 ಸೆಂಟಿಮೀಟರ್ ಅಂದುಕೊಳ್ಳಿ. 10 ಮೀಟರಿನಲ್ಲಿ ಚುಕ್ಕಿಯೂ ಈಡೂ ಒಂದೇ ಜಾಗಕ್ಕೆ ಬರುವಂತೆ ತಿರುಪು ತಿರುಗಿಸಿದಿರಿ. ಆಗ 5 ಮೀಟರಿನಲ್ಲಿ ಈಡು ಚುಕ್ಕಿಗಿಂತ 2 ಸೆಂಟಿಮೀಟರ್ ಮೇಲೆ ಬೀಳುತ್ತದೆ. 20 ಮೀಟರಿನಲ್ಲಿ ಕನಿಷ್ಠ 4 ಸೆಂಟಿಮೀಟರ್ ಕೆಳಗೆ. ಎಲ್ಲ ದೂರಕ್ಕೂ ಸರಿಹೊಂದುವ ಲೇಸರ್ ಇಲ್ಲವೇ ಇಲ್ಲ. ಮನೆಯೊಳಗೆ ಎಷ್ಟು ಉದ್ದ ಇದೆಯೋ ಅಳೆದು ಆ ದೂರಕ್ಕೇ ಹೊಂದಿಸಿ. ಮೊದಲು ಖಾಲಿ ಆಯುಧದಲ್ಲಿ ನಳಿಗೆಯ ಮೇಲಿನ ಗುರಿಮುಳ್ಳು ತೋರಿಸುವ ಜಾಗಕ್ಕೆ ಚುಕ್ಕಿ ಸೇರಿಸಿ. ಆಮೇಲೆ ಶೂಟಿಂಗ್ ರೇಂಜಿಗೆ ಹೋಗಿ ಐದು ಈಡು ಹೊಡೆದು ನೋಡಿ, ತಿರುಪು ಸರಿಮಾಡಿ, ಮತ್ತೆ ಐದು ಹೊಡೆಯಿರಿ. ಒದೆತಕ್ಕೆ ತಿರುಪು ಸಡಿಲವಾಗಿದೆಯೇ ನೋಡಲು ಎರಡನೇ ಐದು ಬೇಕೇಬೇಕು. ತೋಟದಲ್ಲಿ ಅಡಿಕೆ ಮರಕ್ಕೆ ಹಲಗೆ ಕಟ್ಟಿ ಹೊಡೆಯುವುದು ಬೇಡ. ಅದು ಅಪರಾಧ, ಆಚೆ ಕೆಲಸದವರೂ ಇರುತ್ತಾರೆ. ಪೊಲೀಸ್ ಇಲಾಖೆ ಜಿಲ್ಲೆಗಳಲ್ಲಿ ನಾಗರಿಕ ಬಂದೂಕು ತರಬೇತಿ ನಡೆಸುತ್ತದೆ, ಠಾಣೆಯಲ್ಲಿ ವಿಚಾರಿಸಿ.

ಕಾರವಾರದವರಿಗೆ ಒಂದು ಮಾತು. ಲೇಸರನ್ನು ಆಟಕ್ಕೆ ಕಡಲ ಕಡೆ, ಬಾನಿನ ಕಡೆ ಬಿಡಬೇಡಿ. ದೋಣಿ ನಡೆಸುವವರ, ಅರಗದ ನೌಕಾನೆಲೆಯ ಹೆಲಿಕಾಪ್ಟರಿನವರ ಕಣ್ಣಿಗೆ ಬಿದ್ದರೆ ಅನಾಹುತ.

ಹಾಗೆಯೇ, ಈ ಲೈಟು ತೋಟಕ್ಕೆ ಬರುವ ಹಂದಿ, ಕಡವೆಗೆ ಹಿಡಿದು ಹೊಡೆಯುವುದಕ್ಕಲ್ಲ. 1972ರ ವನ್ಯಜೀವಿ ಕಾಯ್ದೆಯಲ್ಲಿ ಅದು ಬೇಟೆ, ಜೈಲಿನ ದಾರಿ.

ಶೆಲ್ಲು, ಉಪ್ಪು, ಬೂಸಲು

ಲೀಥಿಯಂ ಸಿಆರ್123 ಶೆಲ್ಲು 10 ವರ್ಷ ಇಟ್ಟರೂ ಹೆಚ್ಚು ಇಳಿಯುವುದಿಲ್ಲ. ಸಾದಾ ಆಲ್ಕಲೈನ್ ಶೆಲ್ಲು ಒಳಗೇ ಸೋರಿ ಬ್ಯಾಟರಿ ತಿಂದುಹಾಕುತ್ತದೆ. ಅಂಕೋಲಾ, ಕಾರವಾರದ ಉಪ್ಪು ಗಾಳಿಗೆ ಹಿತ್ತಾಳೆಯ ತುದಿ ಹಸಿರು ಹಿಡಿಯುತ್ತದೆ. ಪೆನ್ಸಿಲ್ ಅಳಿಸುವ ರಬ್ಬರಿನಲ್ಲಿ ತಿಕ್ಕಿದರೆ ಹೋಗುತ್ತದೆ. ಮುಚ್ಚಳದ ರಬ್ಬರ್ ಬಳೆಗೆ ಒಂದು ಹನಿ ಸಿಲಿಕೋನ್ ಗ್ರೀಸ್ ಹಚ್ಚಿ. ತೆಂಗಿನೆಣ್ಣೆ ಬೇಡ, ಅದು ಹಳತಾದರೆ ಅಂಟಾಗುತ್ತದೆ. ಘಟ್ಟದ ಮೇಲಿನವರು ಗಾಜಿಗೆ ಬೂಸಲು ಹಿಡಿಯದಂತೆ ಅಕ್ಕಿ ಡಬ್ಬಿಯ ಬದಲು ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಹಾಕಿದ ಡಬ್ಬಿಯಲ್ಲಿಡಿ.

ನಾನು ವರ್ಷಕ್ಕೆ ಎರಡು ಸಲ ಶೆಲ್ಲು ನೋಡುತ್ತೇನೆ. ಮೃಗಶಿರ ಮಳೆ ಹಿಡಿಯುವ ಮೊದಲು ಒಮ್ಮೆ, ದೀಪಾವಳಿಗೆ ಇನ್ನೊಮ್ಮೆ. ಆ ಸಂಜೆಯೇ ಮಗಳನ್ನು ಕೊಟ್ಟಿಗೆ ಹತ್ತಿರ ನಿಲ್ಲಿಸಿ, ಕೈಯಲ್ಲಿ ಏನಿದೆ ಎಂದು ಹೇಳುವ ಪರೀಕ್ಷೆಯನ್ನೂ ಮಾಡುತ್ತೇನೆ.